ನಿಂತಲ್ಲೇ ತಿರುಗುವ ಚಕ್ರ

ಗೇರ್‌ಬಾಕ್ಸುಗಳ ಜೊತೆ ಕೆಲಸ ಮಾಡುತ್ತಲೇ ತಲೆ ನರೆತವನು ನಾನು. ಹಾಗಾಗಿ ಡೆಟ್ರಾಯಿಟ್ ಸುತ್ತಮುತ್ತಲ ಕನ್ನಡದ ಮನೆಗಳಲ್ಲಿ ಕಾರಿನ ವಿಷಯಕ್ಕೆ ಏನೇ ಅನುಮಾನ ಬಂದರೂ ಫೋನು ನನಗೆ. ಮೊನ್ನೆ ಕರೆ ಮಾಡಿದ ತಾಯಿಯೊಬ್ಬರ ದನಿ ಸ್ವಲ್ಪ ನಡುಗುತ್ತಿತ್ತು. ಹದಿನೇಳು ವರ್ಷದ ಮಗ ಅಪ್ಪನ ಫೋರ್ಡ್ ಮಸ್ಟ್ಯಾಂಗ್ ಓಡಿಸುತ್ತಾನೆ. ಅವನ ಫೋನಿನ ತುಂಬ ಒಂದೇ ಬಗೆಯ ವಿಡಿಯೊಗಳು: ಆಟೊಮ್ಯಾಟಿಕ್ ಕಾರನ್ನು ನಿಲ್ಲಿಸಿಕೊಂಡು ಹಿಂದಿನ ಚಕ್ರ ತಿರುಗಿಸಿ ಹೊಗೆ ಎಬ್ಬಿಸುವುದು ಹೇಗೆ. "ಕ್ಲಚ್ ಇದ್ರೆ ತಾನೇ ಈ ಆಟ ಎಲ್ಲ ಅಂತ ಆಟೊಮ್ಯಾಟಿಕ್ ತಗೊಂಡ್ವಿ ಸರ್. ಇದ್ರಲ್ಲೂ ಆಗತ್ತಾ?"

ಆಗುತ್ತದಮ್ಮ. ಇನ್ನೂ ಸುಲಭವಾಗಿ ಆಗುತ್ತದೆ. ಕ್ಲಚ್ಚಿನ ಕಾರಿನಲ್ಲಿ ಕೈ ಪಳಗದ ಹುಡುಗ ಎಡವಿದರೆ ಎಷ್ಟೋ ಸಲ ಇಂಜಿನ್ ಆಫ್ ಆಗಿ ಗೆಳೆಯರೆದುರು ಮಾನ ಹೋಗುತ್ತದೆ, ಅಷ್ಟೆ. ಆಟೊಮ್ಯಾಟಿಕ್ಕಿನಲ್ಲಿ ಆ ಪರೀಕ್ಷೆಯೇ ಇಲ್ಲ.

ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ, ಎಣ್ಣೆ ತುಂಬಿದ ದುಂಡನೆಯ ಭಾಗವೊಂದಿರುತ್ತದೆ. ಮಜ್ಜಿಗೆ ಕಡೆಯುವುದನ್ನು ನೆನೆದುಕೊಳ್ಳಿ. ಕಡೆಗೋಲು ತಿರುಗಿದರೆ ಮೊಸರು ತಿರುಗುತ್ತದೆ, ಯಾರೂ ಹಿಡಿದುಕೊಳ್ಳದಿದ್ದರೆ ಗಡಿಗೆಯೂ ತಿರುಗಲು ನೋಡುತ್ತದೆ. ಕಡೆಗೋಲು ಇಂಜಿನ್ನು, ಮೊಸರು ಎಣ್ಣೆ, ಗಡಿಗೆ ಚಕ್ರಗಳ ಕಡೆಯದು, ಹಿಡಿದ ಕೈ ಬ್ರೇಕು. ಹುಡುಗರು ಎಡಗಾಲಿನಲ್ಲಿ ಬ್ರೇಕ್ ಹಿಡಿದು ಬಲಗಾಲಿನಲ್ಲಿ ಆಕ್ಸಿಲರೇಟರ್ ಒತ್ತುತ್ತಾರೆ, ಆಮೇಲೆ ಗಡಿಗೆಯಿಂದ ಕೈ ತೆಗೆಯುತ್ತಾರೆ. ಗಡಿಗೆ ಹಿಡಿದಿರುವಷ್ಟು ಹೊತ್ತು ಇಂಜಿನ್ನಿನ ದುಡಿಮೆಯೆಲ್ಲ ಎಣ್ಣೆಯನ್ನು ಕಾಯಿಸುವುದಕ್ಕೇ ಖರ್ಚು. ಮೆಕ್ಯಾನಿಕ್‌ಗಳೂ ಪರೀಕ್ಷೆಗೆಂದು ಹೀಗೆ ಮಾಡುವಾಗ ಐದು ಸೆಕೆಂಡಿಗೇ ಬಿಟ್ಟುಬಿಡುತ್ತಾರೆ. ಎರಡು ಪೆಡಲ್ ಒಟ್ಟಿಗೆ ಒತ್ತಿದರೆ ಇಂಜಿನ್ನನ್ನು ತಗ್ಗಿಸಿಬಿಡುವ ಕಾರುಗಳೂ ಈಗ ಬೇಕಾದಷ್ಟಿವೆ.

ಆದರೆ ಮಸ್ಟ್ಯಾಂಗ್ ಜಿಟಿಯಂಥ ಕಾರಿಗೆ ಇಷ್ಟು ಕಸರತ್ತೇ ಬೇಡ. 2018ರ ಮಾದರಿಯನ್ನೇ ತೆಗೆದುಕೊಳ್ಳಿ. 5 ಲೀಟರಿನ ವಿ8, 460 ಅಶ್ವಶಕ್ತಿ, ಹತ್ತು ಗೇರಿನ ಆಟೊಮ್ಯಾಟಿಕ್. ಮೊದಲ ಗೇರು ಇಂಜಿನ್ನಿನ ತಿರುಚುಬಲವನ್ನು 4.7 ಪಟ್ಟು ಹೆಚ್ಚಿಸುತ್ತದೆ, ಹಿಂದಿನ ಆಕ್ಸಲ್ಲು ಇನ್ನೊಂದು 3.15 ಪಟ್ಟು. ಎರಡನ್ನೂ ಗುಣಿಸಿದರೆ ಹೆಚ್ಚುಕಡಿಮೆ ಹದಿನೈದು. ಹೊರಡುವ ಗಳಿಗೆಯಲ್ಲಿ ಕನ್ವರ್ಟರ್ ತನ್ನ ಪಾಲನ್ನೂ ಸೇರಿಸುತ್ತದೆ. ಇಷ್ಟನ್ನೂ ನೆಲಕ್ಕೆ ಮುಟ್ಟಿಸಬೇಕಾದದ್ದು ಅಂಗೈಯಗಲದ ಎರಡು ತುಂಡು ರಬ್ಬರ್. ಕಾರಿನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದಿನ ಚಕ್ರಗಳ ಮೇಲಿರುವುದರಿಂದ ಹಿಂದಿನವು ಹಗುರ ಬೇರೆ.

ಮನೆಯಲ್ಲಿ ಬೀರು ತಳ್ಳಿದ್ದೀರಲ್ಲ? ಕದಲುವತನಕ ಜಗ್ಗುವುದಿಲ್ಲ, ಒಮ್ಮೆ ಜಾರತೊಡಗಿದರೆ ಅಷ್ಟು ಬಲ ಬೇಡ. ಟೈರಿನದೂ ಅದೇ ಜಾಯಮಾನ. ಪೂರ್ತಿ ಜಾರತೊಡಗಿದ ಟೈರಿಗೆ ಹಿಡಿತ ಕಡಿಮೆ. ಮುಂದಕ್ಕೆ ಒಯ್ಯುವ ಹಿಡಿತವಷ್ಟೇ ಅಲ್ಲ, ಅಡ್ಡಕ್ಕೆ ಸರಿಯದಂತೆ ತಡೆಯುವ ಹಿಡಿತವೂ. ಮಳೆಗಾಲದಲ್ಲಿ ನಮ್ಮೂರ ಕೆಸರಿನಲ್ಲಿ ಹೂತ ಲಾರಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡ್ರೈವರ್ ರೇಸ್ ಮಾಡಿದಷ್ಟೂ ಚಕ್ರ ಗಿರಗಿರ ತಿರುಗುತ್ತದೆ, ಲಾರಿ ಮುಂದೆ ಹೋಗುವುದಿಲ್ಲ, ಹಿಂಭಾಗ ಮಾತ್ರ ಮೆಲ್ಲಗೆ ಚರಂಡಿಯ ಕಡೆಗೆ ಸರಿಯುತ್ತದೆ.

ತಾಯ್ತಂದೆಯರು ಹೆದರುವುದು ಹೊಗೆಗೆ, ಸದ್ದಿಗೆ. ನನಗೆ ಹೆದರಿಕೆ ಚಕ್ರ ತಿರುಗುವಾಗ ಅಲ್ಲ, ಅದು ಮತ್ತೆ ನೆಲ ಕಚ್ಚಿದಾಗ. ಹಿಂಭಾಗ ಎಡಕ್ಕೋ ಬಲಕ್ಕೋ ವಾಲಿದೆ, ಹುಡುಗ ಗಾಬರಿಯಾಗಿ ಕಾಲು ಥಟ್ಟನೆ ಎತ್ತುತ್ತಾನೆ, ಸ್ಟೀರಿಂಗು ಇನ್ನೂ ತಿರುವಿಕೊಂಡೇ ಇದೆ. ಆ ಕ್ಷಣ ಟೈರಿಗೆ ಹಿಡಿತ ಬಂತೆಂದರೆ ಕಾರು ಮುಂದಿನ ಚಕ್ರಗಳು ತಿರುಗಿದ್ದ ದಿಕ್ಕಿಗೆ ಚಿಮ್ಮುತ್ತದೆ. ಕಾರುಪ್ರಿಯರ ಕೂಟ ಮುಗಿಸಿ ಹೊರಡುವ ಮಸ್ಟ್ಯಾಂಗುಗಳು ನೋಡುತ್ತ ನಿಂತವರ ಕಡೆಗೇ ನುಗ್ಗುವ ದೃಶ್ಯ ಅಮೆರಿಕದಲ್ಲಿ ನಗೆಚಾಟಿಕೆಯ ಮಾತಾಗಿಬಿಟ್ಟಿದೆ. ಕಾರಣ ಮಾತ್ರ ಇದೇ. ಮಗನಿಗೆ ಒಂದೇ ಒಂದು ವಿಷಯ ಕಲಿಸುವುದಿದ್ದರೆ ಇದನ್ನು ಕಲಿಸಿ: ಕಾಲನ್ನು ಮೆಲ್ಲಗೆ ಎತ್ತು, ಕಣ್ಣು ಹೋಗಬೇಕಾದ ಕಡೆ ಇರಲಿ, ಕೈ ಕಣ್ಣನ್ನು ಹಿಂಬಾಲಿಸಲಿ.

ಬೇಕೆಂದು ಮಾಡದಿದ್ದರೂ ಇದು ಆಗಬಹುದು. ಮಿಶಿಗನ್ನಿನ ಅಕ್ಟೋಬರ್ ಬೆಳಗ್ಗೆ, ಒದ್ದೆ ರಸ್ತೆ, ಎಡಕ್ಕೆ ತಿರುಗಲು ಎದುರಿನ ಕಾರುಗಳ ನಡುವೆ ಸಂದು ಸಿಕ್ಕಿತೆಂದು ಅವಸರದಲ್ಲಿ ಒತ್ತಿದ ಕಾಲು. ಇಂಥ ಕಾರುಗಳಿಗೆ ಬರುವ ಬೇಸಿಗೆ ಟೈರುಗಳು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತವೆ. ಬೇರೆ ಟೈರಿಗೆ ದುಡ್ಡು ಹಾಕಲು ಹಿಂದೆಮುಂದೆ ನೋಡುವ ಅಪ್ಪಂದಿರೇ ಕಾರು ಕೊಳ್ಳುವಾಗ ಎಷ್ಟು ಅಶ್ವಶಕ್ತಿ ಎಂದು ಕೇಳಿರುತ್ತಾರೆ!

2012ರ ಮಾದರಿಯಿಂದೀಚಿನ ಕಾರುಗಳಲ್ಲೆಲ್ಲ ಸ್ಟೆಬಿಲಿಟಿ ಕಂಟ್ರೋಲ್ ಇರಲೇಬೇಕೆಂದು ಅಮೆರಿಕದ ನಿಯಮ. ಜಾರುವ ಚಕ್ರವನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲೂ ಅದರ ಜೊತೆಗೇ ಇರುತ್ತದೆ. ವಿಡಿಯೊಗಳ ಮೊದಲ ಪಾಠವೇ ಅದರ ಗುಂಡಿ ಒತ್ತಿ ಆರಿಸುವುದು. ಆ ಗುಂಡಿಗೆ ಬೀಗ ಹಾಕಬಹುದೆಂಬುದು ಮಾತ್ರ ಎಷ್ಟೋ ಪೋಷಕರಿಗೆ ತಿಳಿದಿಲ್ಲ. ಫೋರ್ಡ್‌ನಲ್ಲಿ ಮೈಕೀ ಎಂಬ ವ್ಯವಸ್ಥೆಯಿದೆ, ಮಗನ ಕೀಲಿಗೆ ಅದನ್ನು ಹೊಂದಿಸಿಟ್ಟರೆ ಆ ಕೀಲಿಯಿಂದ ಓಡುವಾಗ ರಕ್ಷಣೆಯನ್ನು ಆರಿಸಲಾಗದು. ಷೆವರ್ಲೆಯ ಟೀನ್ ಡ್ರೈವರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಕ್ಸಿಲರೇಟರ್ ತಳಮುಟ್ಟ ಒತ್ತಿದ್ದೆಷ್ಟು ಸಲ ಎಂಬ ಲೆಕ್ಕವನ್ನೂ ಒಪ್ಪಿಸುತ್ತದೆ. ಹೊಂದಿಸಿದ್ದನ್ನು ಮಗನಿಗೆ ಹೇಳಿಯೇ ಹೊಂದಿಸಿ. ಕದ್ದು ಟೈರು ಸವರಿ ನೋಡುವ ಪತ್ತೇದಾರಿಕೆ ಬೇಡ.

2015ರಿಂದ ಮಸ್ಟ್ಯಾಂಗ್ ಜಿಟಿಯಲ್ಲಿ ಲೈನ್ ಲಾಕ್ ಎಂಬುದೂ ಇದೆ. ಮುಂದಿನ ಬ್ರೇಕನ್ನು ಮಾತ್ರ ಹಿಡಿದು ಹಿಂದಿನ ಚಕ್ರಗಳನ್ನು ಸುಮಾರು 15 ಸೆಕೆಂಡ್ ಬಿಟ್ಟುಕೊಡುತ್ತದೆ. ಕಂಪನಿಯೇ ಇಟ್ಟದ್ದು ಅಂದಮೇಲೆ ತಪ್ಪೇನು ಅಂತ ಮಗ ವಾದ ಮಾಡಬಹುದು. ಅದು ಟ್ರ್ಯಾಕಿಗೆ ಮಾತ್ರ ಎಂದು ಕಂಪನಿಯೇ ಹೇಳಿದೆ. ಡ್ರ್ಯಾಗ್ ರೇಸಿಗರು ಟೈರು ಬಿಸಿಯಾಗಿ ಅಂಟಲಿ ಎಂದು ಹೀಗೆ ಹೊಗೆ ಎಬ್ಬಿಸುತ್ತಾರೆ. ರಸ್ತೆಯಲ್ಲಿ ಮಾಡಿದರೆ ಕೇಸು. ಕ್ಯಾಲಿಫೋರ್ನಿಯಾದಲ್ಲಂತೂ ಕಾರನ್ನೇ 30 ದಿನ ಎತ್ತಿಕೊಂಡು ಹೋಗಬಹುದು.

ಆ ತಾಯಿಗೆ ನಾನು ಹೇಳಿದ್ದು, ಬೇಡ ಅನ್ನುವ ಮೊದಲು ಒಮ್ಮೆ ಡ್ರ್ಯಾಗ್ ಸ್ಟ್ರಿಪ್ಪಿಗೆ, ಅಂದರೆ ಡ್ರ್ಯಾಗ್ ರೇಸಿನ ಟ್ರ್ಯಾಕಿಗೆ, ಕರೆದುಕೊಂಡು ಹೋಗಿ ಅಂತ. 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದ್ದೇ ಬೀದಿಯಲ್ಲಿ ರೇಸ್ ಆಡುತ್ತಿದ್ದ ಹುಡುಗರನ್ನು ಬೀದಿಯಿಂದ ಆಚೆ ತರಲು. ನಮ್ಮ ಕಡೆಯವರಿಗೆ ಮಿಲನ್ ಊರಿನ ಸ್ಟ್ರಿಪ್ ಹತ್ತಿರ (ಬರೆಯುವುದು ಮಿಲನ್, ಇಲ್ಲಿಯವರ ಬಾಯಲ್ಲಿ ಮೈಲನ್). ಕಾಲು ಮೈಲಿಯನ್ನು 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಮುಗಿಸುವ ಕಾರಿನವರು ಹೆಲ್ಮೆಟ್ ಹಾಕಲೇಬೇಕು. ಜಿಟಿ ಆ ಲೆಕ್ಕಕ್ಕೆ ಬರುತ್ತದೆ.

"ನಾವೂ ಹೋಗಬೇಕಾ ಸರ್?" ಎಂದರು. ಹದಿನೆಂಟು ತುಂಬದವನಿಗೆ ಅಪ್ಪ ಅಮ್ಮನ ಸಹಿ ಕೇಳುತ್ತಾರೆ, ಹೋಗಲೇಬೇಕಾಗುತ್ತದೆ ಎಂದೆ. ಕಿವಿಗೆ ಹತ್ತಿ ತೆಗೆದುಕೊಂಡು ಹೋಗಿ ಎಂದೂ ಹೇಳಿದೆ, ದೀಪಾವಳಿಯ ಲಕ್ಷ್ಮೀ ಪಟಾಕಿ ಅಲ್ಲಿನ ಸದ್ದಿನ ಮುಂದೆ ಏನೂ ಅಲ್ಲ.