ಬೆಸುಗೆಯ ಸಲಕರಣೆ

ಹವ್ಯಾಸಕ್ಕಾಗಿ ವಿದ್ಯುನ್ಮಂಡಲಗಳನ್ನು ಜೋಡಿಸುವವರು ಬೆಸುಗೆಯ ಸಲಕರಣೆ ಕೊಳ್ಳುವಾಗ, ವ್ಯಾಟ್ ಹೆಚ್ಚಿದ್ದರೆ ಬಿಡಿಭಾಗಗಳು ಸುಟ್ಟಾವೆಂದು ಅಂಜುವುದುಂಟು. ಆ ಅಂಜಿಕೆ ಎಲ್ಲ ಸಲಕರಣೆಗಳಿಗೂ ಸಲ್ಲದು. ತವರ 60, ಸೀಸ 40 ಪಾಲಿರುವ ಬೆಸುಗೆಲೋಹವು ಸುಮಾರು 190 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಪೂರ್ತಿ ಕರಗುತ್ತದೆ. ಮೊನೆಯು 350 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಕು. ನಿಯಂತ್ರಣವಿಲ್ಲದ 25 ವ್ಯಾಟಿನ ಸಾಲ್ಡರಿಂಗ್ ಐರನ್ ಸುಮ್ಮನಿರುವಾಗ ಅತಿಯಾಗಿ ಕಾಯುತ್ತದೆ, ದಪ್ಪ ತಂತಿಗೆ ತಾಗಿದೊಡನೆ ತಣಿಯುತ್ತದೆ. ಆಗ ಕಲಿಯುವವರು ಅದನ್ನು ಒತ್ತಿಹಿಡಿದೇ ಇರುತ್ತಾರೆ; ಟ್ರಾನ್ಸಿಸ್ಟರು ಕೆಡುವುದೂ ತಾಮ್ರದ ಪದರ ಏಳುವುದೂ ಆಗಲೇ. 60 ವ್ಯಾಟಿನ ತಾಪನಿಯಂತ್ರಿತ ಸ್ಟೇಷನ್ನಿನಲ್ಲಾದರೋ ಮೊನೆಯ ಬಳಿಯ ಸಂವೇದಕದ ಸೂಚನೆಯಂತೆ ವಿದ್ಯುತ್ತು ಹೆಚ್ಚುತ್ತದೆ, ತಗ್ಗುತ್ತದೆ. ಬೆಸುಗೆ ಎರಡು ಮೂರು ಸೆಕೆಂಡಿನಲ್ಲಿ ಕೂಡುತ್ತದೆ. ಮೊನೆ ಉಳಿಯಂತೆ ಚಪ್ಪಟೆಯಾಗಿರಲಿ. ಸೂಜಿಯಂಥದು ನೋಟಕ್ಕೆ ಚೆಂದವೇ, ಶಾಖ ದಾಟಿಸುವುದರಲ್ಲಿ ಹಿಂದು. ಪ್ಲಗ್ಗಿಗೆ ಭೂಸಂಪರ್ಕವಿದೆಯೇ ಎಂಬುದನ್ನು ಅಂಗಡಿಯಲ್ಲಿಯೇ ನೋಡಿಕೊಳ್ಳತಕ್ಕದ್ದು.