ಗಿರಿಗೆ ಕಟ್ಟಿದ ಹಗ್ಗ

ಬೆಟ್ಟವನ್ನೇರಿ ಕೆಳಗಿನ ಲೋಕವನ್ನು ಕಣ್ತುಂಬ ನೋಡಬೇಕೆಂಬ ಆಸೆ ಮಲೆನಾಡಿನವರಾದ ನಮಗೆ ಹೊಸದೇನೂ ಅಲ್ಲ. ಕಾಲಿಗೆ ಶ್ರಮವಿಲ್ಲದೆ, ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ತೊಟ್ಟಿಲಿನಲ್ಲಿ ಕುಳಿತು ಏರಬೇಕೆಂಬ ಬಯಕೆಯೊಂದೇ ಹೊಸದು. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲಂತೂ ಜೋಗ, ಕೊಡಚಾದ್ರಿಗಳ ಮಾತು ಬಂದಲ್ಲೆಲ್ಲ ‘ರೋಪ್‌ವೇ’ ಎಂಬ ಶಬ್ದವೂ ಜೊತೆಗೇ ಬರುತ್ತಿದೆ. ಆದುದರಿಂದ ಈ ಸಾಧನದ ಸ್ವರೂಪವನ್ನು ಸ್ವಲ್ಪ ವಿಚಾರಿಸುವುದು ಅಪ್ರಸ್ತುತವಾಗಲಾರದು.

ತಂತಿದಾರಿ ನಮ್ಮ ಸೀಮೆಗೆ ಅಪರಿಚಿತವೆಂದು ಭಾವಿಸುವವರು ಭದ್ರಾವತಿಯ ಚರಿತ್ರೆಯನ್ನು ನೆನೆಯಬೇಕು. 1923ರಲ್ಲಿ ಉತ್ಪಾದನೆಗೆ ತೊಡಗಿದ ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. (ಆ ಹೆಸರಿನೊಳಗೇ ಕೆಂಪು ಮಣ್ಣೂ ಇದೆ, ಅದನ್ನು ತೆಗೆದ ಗುಂಡಿಯೂ ಇದೆ!) ಸುಮಾರು 1,400 ಮೀಟರ್ ಎತ್ತರದ ಆ ಸ್ಥಳದಿಂದ ಅದಿರು ತಂತಿಗೆ ತೂಗುಹಾಕಿದ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಸಣ್ಣ ರೈಲಿನಲ್ಲಿ ಭದ್ರಾವತಿಗೆ ಸಾಗುತ್ತಿತ್ತು. ಹೊರೆ ಮೇಲಿನಿಂದ ಕೆಳಗಿಳಿಯುವ ಇಂತಹ ದಾರಿಯಲ್ಲಿ ಒಂದು ಸೊಗಸಿದೆ. ತುಂಬಿದ ತೊಟ್ಟಿ ಇಳಿಯುವಾಗ ಬರಿದಾದ ತೊಟ್ಟಿಯನ್ನು ತಾನೇ ಮೇಲಕ್ಕೆಳೆಯುತ್ತದೆ. ಎಳೆಯುವ ಯಂತ್ರಕ್ಕಿಂತ ತಡೆಯುವ ಬ್ರೇಕಿಗೇ ಹೆಚ್ಚು ಕೆಲಸ.

ಮನುಷ್ಯರನ್ನು ಏರಿಸುವಾಗ ಈ ಅನುಕೂಲ ಪೂರ್ತಿ ದೊರೆಯದು. ಬೆಳಿಗ್ಗೆ ಎಲ್ಲರೂ ಏರುವವರೇ, ಸಂಜೆ ಎಲ್ಲರೂ ಇಳಿಯುವವರೇ! ಆದುದರಿಂದ ಮೋಟಾರು ಬೇಕು. ಕೆಲವು ಕಡೆ ಎರಡು ದೊಡ್ಡ ಪೆಟ್ಟಿಗೆಗಳು ಬಾವಿಯ ರಾಟೆಯ ಎರಡು ಕೊಡಗಳಂತೆ, ಒಂದು ಏರಿದರೆ ಇನ್ನೊಂದು ಇಳಿಯುತ್ತವೆ. ಇನ್ನು ಕೆಲವು ಕಡೆ ಹಲವು ಸಣ್ಣ ತೊಟ್ಟಿಲುಗಳು ಎಡೆಬಿಡದೆ ಸುತ್ತುವ ಒಂದೇ ಹಗ್ಗವನ್ನು ಕಚ್ಚಿಕೊಂಡು ಸಾಗುತ್ತವೆ. ಕಾಶ್ಮೀರದ ಗುಲ್ಮಾರ್ಗಿನಲ್ಲಿರುವುದು ಈ ಎರಡನೆಯ ಬಗೆಯದು.

ಹಗ್ಗವನ್ನು ಬಿಗಿಯಾಗಿ, ನೆಟ್ಟಗೆ ಏಕೆ ಎಳೆದು ಕಟ್ಟಬಾರದು ಎಂದು ಕೇಳಬಹುದು. ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನೇ ನೋಡಿ. ಎಷ್ಟು ಬಿಗಿದರೂ ಒದ್ದೆ ಸೀರೆ ಹಾಕಿದೊಡನೆ ನಡು ಬಾಗುತ್ತದೆ. ಬಾಗಲೇಬಾರದೆಂದು ಹಟ ಹಿಡಿದರೆ ಗೂಟವೇ ಕೀಳುತ್ತದೆ. ಅದೇ ಹೊರೆಗೆ ಬಾಗು ಅರ್ಧವಾದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗುವುದೆಂದು ಗಣಿತ ಹೇಳುತ್ತದೆ. ಆದಕಾರಣ ಅನೇಕ ತಂತಿದಾರಿಗಳಲ್ಲಿ ಹಗ್ಗದ ಒಂದು ತುದಿಗೆ ಭಾರವಾದ ತೂಕವನ್ನು ಕಟ್ಟಿ ಇಳಿಬಿಡುತ್ತಾರೆ. ಬಿಸಿಲಿಗೆ ಹಗ್ಗ ಹಿಗ್ಗಿದರೂ ಹೊರೆ ಹೆಚ್ಚಿದರೂ ಆ ತೂಕ ಏರಿಳಿದು ಎಳೆತವನ್ನು ಒಂದೇ ಸಮನಾಗಿರಿಸುತ್ತದೆ.

ಇಷ್ಟಾದರೂ ಅಪಾಯವಿಲ್ಲವೆಂದಲ್ಲ. 2003ರಲ್ಲಿ ಡಾರ್ಜಿಲಿಂಗಿನ ತಂತಿದಾರಿಯಲ್ಲಿ ಅಪಘಾತವಾಗಿ ನಾಲ್ವರು ಮಡಿದರು. ಅದು ಮತ್ತೆ ತೆರೆದುದು 2012ರಲ್ಲಿ. 2022ರ ಏಪ್ರಿಲಿನಲ್ಲಿ ಜಾರ್ಖಂಡಿನ ತ್ರಿಕೂಟ ಬೆಟ್ಟದಲ್ಲಿ ನಡುಗಾಳಿಯಲ್ಲಿ ಸಿಲುಕಿದವರನ್ನು ಹೆಲಿಕಾಪ್ಟರುಗಳಿಂದ ಬಿಡಿಸಬೇಕಾಯಿತು, ಅಲ್ಲಿಯೂ ಪ್ರಾಣಹಾನಿಯಾಯಿತು. ನಮ್ಮ ಘಟ್ಟದ ಗಾಳಿ, ಮಳೆ, ಸಿಡಿಲುಗಳನ್ನು ಬಲ್ಲವರು ಇದನ್ನು ಹಗುರವಾಗಿ ಎಣಿಸಲಾರರು.

2022ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ‘ಪರ್ವತಮಾಲಾ’ ಯೋಜನೆಯ ಪ್ರಸ್ತಾವಗಳಲ್ಲಿ ಕೊಡಚಾದ್ರಿಯ ಹೆಸರೂ ಬಂದಿತು. ಅದೇ ವರ್ಷ ಮೈಸೂರಿನ ಚಾಮುಂಡಿ ಬೆಟ್ಟದ ಪ್ರಸ್ತಾವವನ್ನು ನಾಗರಿಕರ ವಿರೋಧದಿಂದಾಗಿ ಸರ್ಕಾರ ಕೈಬಿಟ್ಟಿತು. ಚಾಮುಂಡಿಗೆ ಒಳ್ಳೆಯ ರಸ್ತೆಯಿದೆ, ಮೆಟ್ಟಿಲುಗಳಿವೆ. ಕೊಡಚಾದ್ರಿಯ ಸ್ಥಿತಿ ಬೇರೆ. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಜೀಪು ಹತ್ತುವ ದಾರಿಯನ್ನು ಕಂಡವರಿಗೆ, ವಯಸ್ಸಾದ ತಾಯಂದಿರು ಸರ್ವಜ್ಞ ಪೀಠದ ದರ್ಶನಕ್ಕೆ ಪಡುವ ಪಾಡು ತಿಳಿದೇ ಇರುತ್ತದೆ. ಅವರಿಗೆ ತಂತಿದಾರಿ ಉಪಕಾರವೇ ಸರಿ. ಕಾಡಿನ ಮೇಲೆಯೂ ಕಂಬ ನೆಡುವಷ್ಟು ನೆಲ, ತಂತಿಯ ಕೆಳಗೆ ಸವರಬೇಕಾದ ಕೊಂಬೆ, ಇವನ್ನು ಬಿಟ್ಟರೆ ರಸ್ತೆಯಷ್ಟು ಗಾಯವನ್ನು ಅದು ಮಾಡದು.

ನನ್ನ ಅಭಿಪ್ರಾಯದಲ್ಲಿ ಚರ್ಚೆ ತಪ್ಪುತ್ತಿರುವುದು ಇಲ್ಲಿಯೇ. ಎಲ್ಲರೂ ಕಂಬಗಳನ್ನು ಎಣಿಸುತ್ತಾರೆ, ಹಗ್ಗದ ಮೇಲಿನ ತುದಿಯನ್ನು ನೋಡುವುದಿಲ್ಲ. ಕೆಮ್ಮಣ್ಣುಗುಂಡಿಯ ತಂತಿ ಬೆಟ್ಟದಿಂದ ಹೊರೆಯನ್ನು ಕೆಳಗಿಳಿಸಿತು. ಕೊಡಚಾದ್ರಿಯ ತಂತಿ ಬೆಟ್ಟಕ್ಕೆ ಹೊರೆಯನ್ನು ಏರಿಸಲಿದೆ. ಕಡಿದಾದ ದಾರಿಯೇ ಇದುವರೆಗೆ ಜನಸಂಖ್ಯೆಗೆ ಮಿತಿ ಹಾಕಿತ್ತು. ಆ ಮಿತಿ ಹೋದಮೇಲೆ ಶಿಖರದ ಹುಲ್ಲುಗಾವಲು, ಶೋಲೆಯ ಕಾಡು ದಿನಕ್ಕೆ ಎಷ್ಟು ಮಂದಿಯನ್ನು ತಾಳೀತು? ಅವರಿಗೆ ನೀರೆಲ್ಲಿ, ಶೌಚವೆಲ್ಲಿ, ಕಸವನ್ನು ಇಳಿಸುವವರಾರು? ಜೀಪು ಓಡಿಸಿ ಬದುಕುವ ಹಳ್ಳಿಯವರಿಗೆ ಮೇಲಿನ ನಿಲ್ದಾಣದಲ್ಲಾಗಲಿ ಕೆಳಗಿನದರಲ್ಲಾಗಲಿ ಕೆಲಸವಿದೆಯೆ? ದಿನದ ಟಿಕೆಟುಗಳ ಗರಿಷ್ಠ ಸಂಖ್ಯೆಯನ್ನು ಮೊದಲು ಬರೆದಿಟ್ಟು, ಆಮೇಲೆ ತೊಟ್ಟಿಲುಗಳ ಸಂಖ್ಯೆಯನ್ನು ಗೊತ್ತುಮಾಡಬೇಕು. ಬರಿದಾಗಿ ಇಳಿಯುವ ತೊಟ್ಟಿಲುಗಳಲ್ಲಿ ದಿನದ ಕಸವನ್ನು ಕೆಳಕ್ಕೆ ಕಳುಹಿಸುವ ಏರ್ಪಾಡೂ ಆ ಲೆಕ್ಕದಲ್ಲಿಯೇ ಸೇರಿರಬೇಕು.