ಅಂಕಿಯೋ ಅಕ್ಷರವೋ?

ಪ್ರವೇಶ: ಒಂದೇ ಬರಹವು ಒಬ್ಬನಿಗೆ ಸಂಖ್ಯೆಯಾಗಿಯೂ ಮತ್ತೊಬ್ಬನಿಗೆ ಬರಿಯ ಗುರುತಾಗಿಯೂ ಕಾಣಬಹುದು. ಗಣಕಯಂತ್ರಕ್ಕೆ ಸೂಚನೆಗಳನ್ನು ಕೊಡುವಾಗ ಈ ಭೇದವನ್ನು ಮರೆತರೆ ಏನಾಗುತ್ತದೆ, ಮರೆಯದಿರಲು ಏನು ಮಾಡಬೇಕು ಎಂಬುದನ್ನು ಈ ಪಾಠವು ವಿವರಿಸುತ್ತದೆ.

ಮನುಷ್ಯನು ತನ್ನ ವ್ಯವಹಾರಕ್ಕೆಂದು ಕಂಡುಕೊಂಡ ಸಂಕೇತಗಳಲ್ಲಿ ಅಕ್ಷರ ಮತ್ತು ಅಂಕಿಗಳು ಮುಖ್ಯವಾದವು. ಅಕ್ಷರವು ಹೆಸರನ್ನು ತಿಳಿಸುತ್ತದೆ; ಅಂಕಿಯು ಪರಿಮಾಣವನ್ನು ತಿಳಿಸುತ್ತದೆ. ಇವೆರಡರ ನಡುವಣ ಗಡಿ ಸ್ಪಷ್ಟವಾಗಿದೆಯೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಸ್ವಲ್ಪ ವಿಚಾರಮಾಡಿದರೆ ಹಾಗಿಲ್ಲವೆಂಬುದು ಗೊತ್ತಾಗುತ್ತದೆ.

ಬೆಂಗಳೂರಿನ ಸುದ್ದಗುಂಟೆಪಾಳ್ಯಕ್ಕೆ ಬರೆಯುವ ಕಾಗದದ ಮೇಲೆ 560029 ಎಂಬ ಪಿನ್‌ಕೋಡ್ ಇರುತ್ತದೆ. ಭಾರತದ ಅಂಚೆ ಇಲಾಖೆಯು ಆರು ಅಂಕಿಗಳ ಈ ಪದ್ಧತಿಯನ್ನು 1972ರ ಆಗಸ್ಟ್ 15ರಂದು ಜಾರಿಗೆ ತಂದಿತು. ಇದರ ಮೊದಲನೆಯ ಅಂಕಿ ವಲಯವನ್ನೂ ಕೊನೆಯ ಮೂರು ಅಂಕಿಗಳು ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಈ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಯಾರೂ ಭಾಗಿಸುವುದಿಲ್ಲ. ಇದು ಅಂಕಿಗಳ ವೇಷವನ್ನು ತೊಟ್ಟ ಹೆಸರು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲಿದೆ. ಕರ್ನಾಟಕ ಸಂಗೀತದಲ್ಲಿ 72 ಮೇಳಕರ್ತ ರಾಗಗಳಿವೆ. ಅವುಗಳಲ್ಲಿ ಒಂದರ ಹೆಸರು ಧೀರಶಂಕರಾಭರಣ. ಕಟಪಯಾದಿ ಎಂಬ ಪ್ರಾಚೀನ ಸಂಕೇತದಲ್ಲಿ ಧಕಾರಕ್ಕೆ 9, ರಕಾರಕ್ಕೆ 2 ಎಂದು ಬೆಲೆ. ಇವನ್ನು ಹಿಂದುಮುಂದಾಗಿ ಓದಿದರೆ 29 ಎಂದಾಗುತ್ತದೆ. ಆ ರಾಗವು ಇಪ್ಪತ್ತೊಂಬತ್ತನೆಯ ಮೇಳ. ಸಂಕೇತವನ್ನು ಬಲ್ಲವನಿಗೆ ಅಲ್ಲಿ ಸಂಖ್ಯೆ ಕಾಣುತ್ತದೆ. ಅರಿಯದವನಿಗೆ ಹೆಸರು ಮಾತ್ರ ಕಾಣುತ್ತದೆ. ಬರಹದಲ್ಲಿ ಇರುವುದು ಗುರುತು. ಅದರ ಬೆಲೆಯನ್ನು ನಿರ್ಧರಿಸುವುದು ಬರೆಯುವವನಿಗೂ ಓದುವವನಿಗೂ ನಡುವೆ ಇರುವ ಒಪ್ಪಂದ.

ಈ ತತ್ತ್ವವು ಗಣಕಯಂತ್ರಗಳ ಲೋಕದಲ್ಲಿಯೂ ಪ್ರತಿದಿನ ಪರೀಕ್ಷೆಗೆ ಒಳಗಾಗುತ್ತಿರುತ್ತದೆ. ಒಂದು ಶಾಲೆಯ ಪುಸ್ತಕಭಂಡಾರಕ್ಕಾಗಿ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಒಂದು ಕ್ರಮವಿಧಿಯನ್ನು ಬರೆದಿದ್ದಾರೆಂದು ಭಾವಿಸೋಣ. 1995ರಲ್ಲಿ ಬ್ರೆಂಡನ್ ಐಕ್ ಎಂಬುವರು ರೂಪಿಸಿದ ಈ ಭಾಷೆಯು ಮೊದಲು ಜಾಲಪುಟಗಳಿಗೆ ಸೀಮಿತವಾಗಿತ್ತು. 2009ರಲ್ಲಿ ರಯಾನ್ ಡಾಲ್ ಅವರು ನೋಡ್ ಎಂಬ ಸಾಧನವನ್ನು ನಿರ್ಮಿಸಿದ ಮೇಲೆ ಅದು ಇತರ ಕಾರ್ಯಗಳಿಗೂ ವ್ಯಾಪಕವಾಗಿ ಬಳಕೆಗೆ ಬಂದಿತು. ನಮ್ಮ ಕ್ರಮವಿಧಿಯು ಒಂದು ಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನಿಗೆ ಮೂರು ಪುಸ್ತಕಗಳನ್ನೂ ಇನ್ನೊಂದು ಶಾಲೆಯಲ್ಲಿ ಐದು ಪುಸ್ತಕಗಳನ್ನೂ ಕೊಡಬೇಕಾಗಬಹುದು. ಅದಕ್ಕಾಗಿ ಕ್ರಮವಿಧಿಯನ್ನೇ ತಿದ್ದುವುದು ಸರಿಯಲ್ಲ. ಊರಿಂದೂರಿಗೆ ಬದಲಾಗುವ ಇಂತಹ ವಿವರಗಳನ್ನು ಹೊರಗೆ ಬರೆದಿಟ್ಟು, ಕ್ರಮವಿಧಿಯು ಆರಂಭವಾಗುವಾಗ ಓದಿಕೊಳ್ಳುವಂತೆ ಮಾಡುತ್ತಾರೆ. ಇವನ್ನು ಪರಿಸರ ಚರಗಳೆಂದು ಕರೆಯಬಹುದು. 1979ರಲ್ಲಿ ಹೊರಬಂದ ಯೂನಿಕ್ಸ್ ವ್ಯವಸ್ಥೆಯ ಏಳನೆಯ ಆವೃತ್ತಿಯಿಂದ ಈ ರೂಢಿ ಬೆಳೆದುಬಂದಿದೆ.

ಪರಿಸರ ಚರಗಳ ರಚನೆ ಬಹು ಸರಳವಾದುದು. ಎಡಗಡೆ ಒಂದು ಹೆಸರು, ನಡುವೆ ಸಮಚಿಹ್ನೆ, ಬಲಗಡೆ ಒಂದು ಬರಹ, ಅಷ್ಟೆ. ಯಾವ ಭಾಷೆಯ ಕ್ರಮವಿಧಿಯಾದರೂ ಓದಬಲ್ಲಂತಿರಲೆಂದು ಎಲ್ಲವನ್ನೂ ಬರಿಯ ಅಕ್ಷರಗಳ ಸರಣಿಯಾಗಿ ಇಟ್ಟಿರುತ್ತಾರೆ. ಅಲ್ಲಿ 3 ಎಂಬುದು ಸಂಖ್ಯೆಯಲ್ಲ; ಮೂರರ ಆಕಾರದ ಒಂದು ಅಕ್ಷರ. ಅನರ್ಥಕ್ಕೆ ಮೂಲ ಇದೇ.

ಪುಸ್ತಕದ ಮಿತಿ 3 ಎಂದು ಬರೆದಿದೆ. ರಜೆಯ ಕಾಲದಲ್ಲಿ ಒಂದು ಪುಸ್ತಕವನ್ನು ಹೆಚ್ಚಾಗಿ ಕೊಡಬೇಕೆಂದು ಕ್ರಮವಿಧಿಯು ಅದಕ್ಕೆ 1ನ್ನು ಕೂಡಿಸುತ್ತದೆ. ಉತ್ತರ 4 ಆಗುವುದಿಲ್ಲ, 31 ಆಗುತ್ತದೆ! ಜಾವಾಸ್ಕ್ರಿಪ್ಟಿನಲ್ಲಿ ಅಕ್ಷರಸರಣಿಯ ಜೊತೆಗೆ ಬಂದ ಕೂಡುವ ಚಿಹ್ನೆಯು ಎರಡನ್ನೂ ಪಕ್ಕಪಕ್ಕದಲ್ಲಿ ಅಂಟಿಸುತ್ತದೆ. ವಿಚಿತ್ರವೆಂದರೆ, ಅದೇ 3ರಿಂದ 1ನ್ನು ಕಳೆದರೆ ಸರಿಯಾಗಿ 2 ಬರುತ್ತದೆ. ಒಂದು ಕಡೆ ಸರಿಯಾಗಿ, ಮತ್ತೊಂದು ಕಡೆ ತಪ್ಪಾಗಿ ನಡೆಯುವುದರಿಂದ ದೋಷವು ಬಹುಕಾಲ ಅಡಗಿಕೊಂಡಿರಬಲ್ಲದು.

ಹೌದು, ಇಲ್ಲ ಎಂಬ ಉತ್ತರಗಳ ಸಂಗತಿ ಇದಕ್ಕಿಂತ ಅಪಾಯಕರವಾದುದು. ಪುಸ್ತಕ ಹಿಂದಿರುಗಿಸದ ಮಕ್ಕಳ ತಂದೆತಾಯಿಗಳಿಗೆ ದೂರವಾಣಿಯ ಮೂಲಕ ಸಂದೇಶವನ್ನು ಕಳುಹಿಸುವ ಏರ್ಪಾಡೊಂದಿದೆ. ಪರೀಕ್ಷಾರ್ಥವಾಗಿ ನಡೆಸುವಾಗ ಸಂದೇಶ ಹೋಗಬಾರದೆಂದು, ಸುಳ್ಳು ಎಂಬರ್ಥದ ಫಾಲ್ಸ್ ಎಂಬ ಪದವನ್ನು ಬರೆದಿಟ್ಟಿದ್ದಾರೆ. ಆದರೆ ಜಾವಾಸ್ಕ್ರಿಪ್ಟ್ ಅಕ್ಷರಸರಣಿಯ ಅರ್ಥವನ್ನು ನೋಡುವುದಿಲ್ಲ. ಅದು ಖಾಲಿಯೋ ಅಲ್ಲವೋ ಎಂಬುದನ್ನಷ್ಟೇ ನೋಡುತ್ತದೆ. ಖಾಲಿಯಲ್ಲದ ಬರಹವೆಲ್ಲ ಅದರ ಪಾಲಿಗೆ ನಿಜ. ಆದುದರಿಂದ ‘ಬೇಡ’ ಎಂದು ಬರೆದುದೇ ‘ಆಗಲಿ’ ಎಂಬ ಅಪ್ಪಣೆಯಾಗಿ ಪರಿಣಮಿಸಿ, ನೂರಾರು ಮನೆಗಳಿಗೆ ಸುಳ್ಳು ದೂರು ತಲುಪುತ್ತದೆ. ತಪ್ಪುಮಾಡದ ಮಗುವೊಂದು ಮನೆಯಲ್ಲಿ ಬೈಗಳನ್ನು ತಿನ್ನಬೇಕಾಗುತ್ತದೆ.

ಇನ್ನು ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಮಿತಿಯನ್ನು ೩ ಎಂದು ಕನ್ನಡದ ಅಂಕಿಯಲ್ಲಿ ಬರೆದರೆ ಏನಾಗುತ್ತದೆ? ಅಕ್ಷರವನ್ನು ಸಂಖ್ಯೆಯಾಗಿಸುವ ನಂಬರ್ ಎಂಬ ಆದೇಶಕ್ಕೆ ಅದು ತಿಳಿಯುವುದಿಲ್ಲ. ‘ಇದು ಸಂಖ್ಯೆಯಲ್ಲ’ ಎಂಬ ಒಂದು ವಿಶೇಷ ಬೆಲೆಯನ್ನು ಅದು ಹಿಂದಿರುಗಿಸುತ್ತದೆ. ಈ ಬೆಲೆಯೊಡನೆ ಯಾವ ಸಂಖ್ಯೆಯನ್ನು ಹೋಲಿಸಿದರೂ ಅದು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಸಮವೂ ಅಲ್ಲ. ‘ಪಡೆದ ಪುಸ್ತಕಗಳು ಮಿತಿಯನ್ನು ಮುಟ್ಟಿದವೆ?’ ಎಂದು ಎಷ್ಟು ಬಾರಿ ಕೇಳಿದರೂ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ, ಮಿತಿಯೆಂಬುದೇ ಇಲ್ಲವಾಗುತ್ತದೆ. ಇದರಿಂದ ಯಂತ್ರಕ್ಕೆ ಕನ್ನಡದ ಮೇಲೆ ದ್ವೇಷವಿದೆಯೆಂದು ಭಾವಿಸಬಾರದು. ಆ ಒಪ್ಪಂದವನ್ನು ಅದಕ್ಕೆ ಯಾರೂ ಕಲಿಸಿಲ್ಲ, ಅಷ್ಟೆ. ಕಲಿಸುವುದು ಕಷ್ಟವೂ ಅಲ್ಲ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡದ ೦ ಯಿಂದ ೯ ರವರೆಗಿನ ಅಂಕಿಗಳಿಗೆ 3302ರಿಂದ 3311ರವರೆಗಿನ ಕ್ರಮಸಂಖ್ಯೆಗಳಿವೆ. ೩ ರ ಕ್ರಮಸಂಖ್ಯೆ 3305. ಅದರಿಂದ 3302ನ್ನು ಕಳೆದರೆ 3 ಉಳಿಯುತ್ತದೆ.

ಈ ತೊಂದರೆಗಳಿಗೆ ಪರಿಹಾರವೇನು? ಅಕ್ಕಿಯಲ್ಲಿರುವ ಕಲ್ಲನ್ನು ಒಲೆಯ ಮೇಲಿಡುವ ಮೊದಲೇ ಆರಿಸಬೇಕು. ಊಟಕ್ಕೆ ಕುಳಿತಾಗ ಆರಿಸಲು ಹೊರಟರೆ ಹಲ್ಲಿಗೆ ಕೇಡು. ಹಾಗೆಯೇ ಹೊರಗಿನಿಂದ ಬಂದ ಪ್ರತಿಯೊಂದು ಬರಹವನ್ನೂ ಕ್ರಮವಿಧಿಯ ಆರಂಭದಲ್ಲಿಯೇ, ಒಂದೇ ಕಡೆಯಲ್ಲಿ, ಅದರದರ ಜಾತಿಗೆ ಪರಿವರ್ತಿಸಬೇಕು. ಸಂಖ್ಯೆಯಾಗಬೇಕಾದುದನ್ನು ನಂಬರ್ ಆದೇಶದಿಂದ ಪರಿವರ್ತಿಸಿ, ಫಲವು ನಿಜವಾಗಿಯೂ ಸಂಖ್ಯೆಯೇ ಎಂದು ಪರೀಕ್ಷಿಸಬೇಕು. ಖಾಲಿ ಬರಹವನ್ನು ಈ ಆದೇಶವು 0 ಎಂದು ತಿಳಿಯುವುದರಿಂದ, ಏನನ್ನೂ ಬರೆಯದಿರುವುದಕ್ಕೂ ಸೊನ್ನೆಯನ್ನು ಬರೆದಿರುವುದಕ್ಕೂ ಇರುವ ವ್ಯತ್ಯಾಸವನ್ನು ಮೊದಲೇ ವಿಚಾರಿಸಬೇಕು. ಹೌದು, ಇಲ್ಲ ಎಂಬವುಗಳಿಗೆ ಗೊತ್ತುಪಡಿಸಿದ ಎರಡು ಪದಗಳನ್ನು ಮಾತ್ರ ಒಪ್ಪಿ, ಮೂರನೆಯದು ಬಂದರೆ ನಿರಾಕರಿಸಬೇಕು. ರಜಾದಿನಗಳ ಪಟ್ಟಿಯಿದ್ದರೆ ಅಲ್ಪವಿರಾಮ ಇರುವಲ್ಲೆಲ್ಲ ಬಿಡಿಸಿ, ಅಂಚಿನ ಖಾಲಿ ಜಾಗವನ್ನು ತೆಗೆಯಬೇಕು. ಯಾವುದಾದರೂ ಬರಹವು ಅರ್ಥವಾಗದಿದ್ದರೆ ಊಹೆಮಾಡಿ ಮುಂದುವರಿಯದೆ, ದೋಷವನ್ನು ತಿಳಿಸಿ ಅಲ್ಲಿಯೇ ನಿಲ್ಲಬೇಕು. ಆರಂಭದಲ್ಲಿ ನಿಂತ ಕ್ರಮವಿಧಿಯಿಂದ ಸ್ವಲ್ಪ ತೊಂದರೆಯಾಗಬಹುದು. ತಪ್ಪು ತಿಳಿದು ಓಡುವ ಕ್ರಮವಿಧಿಯಿಂದ ಅನ್ಯಾಯವೇ ಆಗಬಹುದು.

ಹೀಗೆಂದಮಾತ್ರಕ್ಕೆ ಅಂಕಿಯಂತೆ ಕಂಡುದನ್ನೆಲ್ಲ ಸಂಖ್ಯೆಯಾಗಿಸಬೇಕೆಂದಲ್ಲ. ಬೆಂಗಳೂರಿನ ಸ್ಥಿರ ದೂರವಾಣಿಯ ಸಂಕೇತ 080. ಇದನ್ನು ಸಂಖ್ಯೆಯಾಗಿಸಿದರೆ ಮೊದಲಿನ ಸೊನ್ನೆ ಬಿದ್ದುಹೋಗಿ 80 ಉಳಿಯುತ್ತದೆ. ಪಿನ್‌ಕೋಡಿನಂತೆ ಇದೂ ಒಂದು ಹೆಸರು. ಅದನ್ನು ಹೆಸರಾಗಿಯೇ ಉಳಿಸಬೇಕು. ಕೂಡುವ ಕಳೆಯುವ ಅಗತ್ಯವಿದೆಯೆ ಎಂದು ಕೇಳಿಕೊಂಡರೆ ಉತ್ತರ ತಾನಾಗಿಯೇ ಹೊಳೆಯುತ್ತದೆ.

ಯಂತ್ರವು ಹೇಳಿದ್ದನ್ನು ಮಾಡುತ್ತದೆ, ಹೇಳಬೇಕೆಂದುಕೊಂಡದ್ದನ್ನು ಮಾಡುವುದಿಲ್ಲ. ಮನುಷ್ಯರ ನಡುವೆ ಮಾತು ಅಸ್ಪಷ್ಟವಾದಾಗ ಮುಖವನ್ನು ನೋಡಿಯೋ ಸಂದರ್ಭವನ್ನು ತಿಳಿದೋ ಅರ್ಥಮಾಡಿಕೊಳ್ಳುತ್ತೇವೆ. ಯಂತ್ರಕ್ಕೆ ಆ ಶಕ್ತಿಯಿಲ್ಲದ ಕಡೆ, ಅರ್ಥವನ್ನು ಮೊದಲೇ ಖಚಿತಪಡಿಸುವ ಹೊಣೆ ಅದನ್ನು ನಡೆಸುವವರ ಮೇಲಿದೆ.

ಪದಗಳ ಅರ್ಥ
ಕ್ರಮವಿಧಿ – ಗಣಕಯಂತ್ರಕ್ಕೆ ಕೊಡುವ ಆದೇಶಗಳ ಸಮೂಹ. ಸರಣಿ – ಸಾಲು. ಅನರ್ಥ – ಕೇಡು. ಪರಿಣಮಿಸು – ಮಾರ್ಪಡು.

ಅಭ್ಯಾಸ
1. ಪಿನ್‌ಕೋಡನ್ನು ‘ಅಂಕಿಗಳ ವೇಷವನ್ನು ತೊಟ್ಟ ಹೆಸರು’ ಎಂದು ಕರೆಯಲು ಕಾರಣವೇನು?
2. ‘ಬೇಡ’ ಎಂದು ಬರೆದುದು ‘ಆಗಲಿ’ ಎಂಬ ಅಪ್ಪಣೆಯಾದುದು ಹೇಗೆ? ವಿವರಿಸಿ.
3. ಕನ್ನಡದ ೭ ರ ಯೂನಿಕೋಡ್ ಕ್ರಮಸಂಖ್ಯೆ ಎಷ್ಟು? ಲೆಕ್ಕಹಾಕಿ.
4. ನಿಮ್ಮ ಮನೆಯಲ್ಲಿರುವ ಯಾವುದಾದರೂ ಒಂದು ರಸೀದಿಯನ್ನು ನೋಡಿ, ಅದರಲ್ಲಿರುವ ಅಂಕಿಗಳಲ್ಲಿ ಯಾವುವು ಪರಿಮಾಣಗಳು, ಯಾವುವು ಹೆಸರುಗಳು ಎಂದು ವಿಂಗಡಿಸಿ.